ಜಾಳಿಗೆಯ ಕಾಲ ಮುಗಿಯಿತೆಂದ ಡಾಕ್ಟರರಿಗೆ

ಇವರಿಗೆ,
ಡಾಕ್ಟರ ಅನೀಲಕುಮಾರ ಅವರು,
ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತಾ ನಿರ್ವಹಣಾ ವ್ಯವಸ್ಥೆಗಳ ಸಂಶೋಧಕರು,
ಮೊಕ್ಕಾಂ: ಎಲ್ಲಿ ಸೆಮಿನಾರು ನಡೆದಿದೆಯೋ ಆ ಊರು.

ವಿಷಯ: ತಮ್ಮ ಅಮೂಲ್ಯ ಪುಸ್ತಿಕೆಯನ್ನು ನಮ್ಮ ಮಿಲ್ಲಿನ ಯಂತ್ರ ತಿರುಗಿಸುವ ಪಟ್ಟಾ ಇನ್ನೂ ಓದಿಲ್ಲದಿರುವ ಬಗ್ಗೆ.

ಮಾನ್ಯರೇ,

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆಗೆ ಹೊರಟರೆ ಎಡಕ್ಕೆ ತಗಡಿನ ಛಾವಣಿಯ ಒಂದು ಜಿನ್ನಿಂಗ್ ಮಿಲ್ಲು ಸಿಗುತ್ತದೆಯಲ್ಲ, ಹತ್ತಿಯಿಂದ ಕಾಳು ಬೇರೆ ಅರಳೆ ಬೇರೆ ಮಾಡುವ ಆ ಮಿಲ್ಲಿನ ಹೆಣ್ಣಾಳುಗಳೆಲ್ಲರೂ ಕೂಡಿ, ಮೂಗಿನಲ್ಲಿ ಅರಳೆಯ ಎಳೆ ಮತ್ತು ಗಂಟಲಲ್ಲಿ ಕೆಮ್ಮು ಇಟ್ಟುಕೊಂಡೇ ತಮಗೆ ಸಲ್ಲಿಸುವ ಅನಂತಾನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇವೆ. ಕ್ಷೇಮದ ಬಗ್ಗೆಯೇ ಇಷ್ಟು ಓದಿದವರು ಕ್ಷೇಮವಾಗಿರದಿದ್ದರೆ ಮತ್ತೆ ಯಾರು ಇರಬೇಕು?

ನಾನು ಜೋಹರಾಬಿ, ಈ ಮಿಲ್ಲಿನ ಸುರಕ್ಷತಾ ಸಮಿತಿಯ ಕಾರ್ಮಿಕ ಪ್ರತಿನಿಧಿ. ಸಮಿತಿಯಲ್ಲಿ ಹೆಣ್ಣಾಳೊಬ್ಬಳು ಇರಲೇಬೇಕೆಂದು ತಮ್ಮ ವ್ಯವಸ್ಥೆಯಲ್ಲಿ ಬರೆದಿತ್ತಂತೆ, ಅವಳು ಹೆಬ್ಬೆಟ್ಟು ಒತ್ತಿದರೆ ನೋಡಲು ಚೆಂದವಿರುವುದಿಲ್ಲವೆಂದು ಮ್ಯಾನೇಜರ ಸಿದ್ದರಾಯರು ಹತ್ತನೇ ಇಯತ್ತೆ ಪಾಸಾದ ನನ್ನನ್ನು ಹುಡುಕಿ ತೆಗೆದರು, ಹೀಗೆ ಈ ಪದವಿ ನನ್ನ ಕೊರಳಿಗೆ ಬಿತ್ತು. ಸಮಿತಿಯ ಸಭೆ ಇದುವರೆಗೆ ಸೇರಿಲ್ಲ, ಆದರೆ ಸಭೆಯ ಫೋಟೋ ತೆಗೆಸಿಕೊಂಡಿದ್ದೇವೆ. ಅದರಲ್ಲಿ ನಾನು ಚಹಾದ ಕಪ್ಪು ಹಿಡಿದು ಬಹಳ ಗಂಭೀರವಾಗಿ ಕುಳಿತಿದ್ದೇನೆ. ಕಪ್ಪಿನಲ್ಲಿ ಚಹಾ ಇರಲಿಲ್ಲ ಎಂಬುದು ಫೋಟೋದಲ್ಲಿ ಕಾಣುವುದಿಲ್ಲ.

ತಾವು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಮಿಲ್ಲುಗಳನ್ನು ಸುತ್ತಿ ಬರೆದ ಸಂಶೋಧನೆಯ ಕನ್ನಡ ಸಾರಾಂಶದ ಪುಸ್ತಿಕೆ ನಮ್ಮ ಕೈ ಸೇರಿದೆ. ಇಂಗ್ಲಿಷಿನಲ್ಲಿ ಬರೆದು ಸುಮ್ಮನಿರಬಹುದಾಗಿತ್ತು, ಆದರೂ ಬಡವರಿಗೂ ತಿಳಿಯಲೆಂದು ಕನ್ನಡಕ್ಕೆ ಇಳಿಸಿದ ತಮ್ಮ ದೊಡ್ಡ ಮನಸ್ಸಿಗೆ ಶರಣು. ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಅರಳೆಯ ರಾಶಿಗೆ ಆತು ಕುಳಿತು ನಾನು ಓದಿದೆ, ಉಳಿದವರು ಕೇಳಿದರು. ಪುಸ್ತಿಕೆಯಲ್ಲಿರುವ ವಿಚಾರವನ್ನು ನಾವು ತಿಳಿದುಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದಬೇಕು: ಮೊದಲು ಪಂಡಿತರೆಲ್ಲ ಯಂತ್ರದ ಬಗ್ಗೆ ಬರೆಯುತ್ತಿದ್ದರು, ಯಾವ ಚಕ್ರಕ್ಕೆ ಯಾವ ಮುಚ್ಚಳ, ಕೈ ಸಿಕ್ಕದ ಹಾಗೆ ಯಾವ ಪಟ್ಟಾಕ್ಕೆ ಯಾವ ಜಾಳಿಗೆ ಎಂದು. ಆಮೇಲೆ ಅದು ಹಳತಾಯಿತು, ಎಲ್ಲರೂ ‘ವ್ಯವಸ್ಥೆ’ಯ ಬಗ್ಗೆ ಬರೆಯತೊಡಗಿದರು. ಅದರ ಬೆನ್ನಿಗೇ ‘ಕಾರ್ಮಿಕರ ವರ್ತನೆ’ ಬಂತು. ಈಗೀಗ ‘ಸುರಕ್ಷತಾ ಸಂಸ್ಕೃತಿ’ಯ ಕಾಲ ನಡೆದಿದೆ, ಅದರ ಗೆರೆ ತಮ್ಮ ನಕ್ಷೆಯಲ್ಲಿ ಮಾಳಿಗೆ ಏರುವ ನಿಚ್ಚಣಿಕೆಯ ಹಾಗೆ ಮೇಲೆ ಮೇಲೆ ಹೋಗಿದೆ, ಯಂತ್ರದ ಗೆರೆ ನೆಲ ಕಚ್ಚಿದೆ. ಇಳಕಲ್ ಸೀರೆಯ ದಡಿ ಹೇಗೆ ವರ್ಷಕ್ಕೊಂದು ನಮೂನೆ ಬದಲಾಗುತ್ತದೆಯೋ ಪಂಡಿತರ ಬರವಣಿಗೆಯೂ ಹಾಗೆಯೇ ಬದಲಾಗುತ್ತದೆ ಎಂದು ನಾನು ವಿವರಿಸಿದಾಗ ಎಲ್ಲರಿಗೂ ಒಮ್ಮೆಲೇ ತಿಳಿಯಿತು. ಯಂತ್ರ ಹಳತಾಯಿತೆಂಬ ಸುದ್ದಿ ಮಾತ್ರ ಯಂತ್ರಕ್ಕೆ ಮುಟ್ಟಿಲ್ಲ, ಅದು ಮುಂಚಿನ ಹಾಗೆಯೇ ತಿರುಗುತ್ತಿದೆ.

ತಮ್ಮ ಪುಸ್ತಿಕೆಯ ಕೊನೆಯ ಸಾಲನ್ನು ನಾನು ಎರಡು ಸಲ ಓದಿ ಹೇಳಬೇಕಾಯಿತು. ‘ಈ ವಿಷಯದಲ್ಲಿ ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯವಿದೆ’ ಎಂದು ಬರೆದಿದ್ದೀರಿ. ತಾವು ಓದಿದ ನೂರಾರು ಲೇಖನಗಳೂ ಇದೇ ಮಾತಿನಿಂದ ಮುಗಿಯುತ್ತವೆಯೆಂದು ಒಳಗೆ ತಾವೇ ಹೇಳಿದ್ದೀರಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ನಮ್ಮ ಕಡೆಯ ಪಂಚರಿಗಷ್ಟೇ ಬರುತ್ತದೆಂದು ತಿಳಿದಿದ್ದೆವು, ಲೋಕದ ಪಂಡಿತರೆಲ್ಲ ನಮ್ಮವರೇ ಎಂದು ಕೇಳಿ ಅಭಿಮಾನವಾಯಿತು.

ವ್ಯವಸ್ಥೆ ನಮ್ಮಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ ಎಂದು ತಿಳಿಸಲು ಸಂತೋಷವಾಗುತ್ತದೆ. ಸುರಕ್ಷತಾ ನೀತಿಗೆ ಕಟ್ಟು ಹಾಕಿಸಿ ಆಫೀಸಿನಲ್ಲಿ ದೇವರ ಫೋಟೋಗಳ ಸಾಲಿನಲ್ಲಿ ತೂಗುಹಾಕಿದ್ದಾರೆ, ಮುಂಜಾನೆ ದೇವರಿಗೆ ಊದುಬತ್ತಿ ಬೆಳಗುವಾಗ ನೀತಿಗೂ ಬೆಳಗುತ್ತಾರೆ. ‘ಯೋಜಿಸು, ಮಾಡು, ಪರೀಕ್ಷಿಸು, ತಿದ್ದು’ ಎಂಬ ತಮ್ಮ ಚಕ್ರವನ್ನು ಗೋಡೆಯ ಮೇಲೆ ಬರೆಸಿದ್ದಾರೆ. ಬಣ್ಣದವನು ಬರಿಯ ಚಕ್ರ ಬೋಳು ಕಾಣುತ್ತದೆಂದು ನಟ್ಟನಡುವೆ ಒಂದು ಕಮಲದ ಹೂ ಬಿಡಿಸಿದ್ದಾನೆ. ಅಲ್ಲಿಂದ ಒಂದು ಮಾರು ದೂರದಲ್ಲಿ ನಿಜವಾದ ಚಕ್ರ, ಅಂದರೆ ಪಟ್ಟಾ ಓಡುವ ಪುಲ್ಲಿ, ಹೂವೂ ಇಲ್ಲದೆ ಜಾಳಿಗೆಯೂ ಇಲ್ಲದೆ ತಿರುಗುತ್ತದೆ. ಗೋಡೆಯ ಚಕ್ರ ‘ಯೋಜಿಸು’ ಎಂಬಲ್ಲಿ ನಿಂತದ್ದು ನಿಂತೇ ಇದೆ.

ಉಳಿದ ತಾಲೂಕುಗಳಲ್ಲೂ ಹೀಗೆಯೇ ಪ್ರಗತಿ ಆಗಿದೆಯೆಂದು ಹೋಗಿ ಬಂದವರು ಹೇಳುತ್ತಾರೆ. ಇಂಡಿಯ ಕಡೆ ಒಂದು ಮಿಲ್ಲಿನಲ್ಲಿ ಹಂಚಿದ ಹೆಲ್ಮೆಟ್ಟು ನಿಂಬೆಹಣ್ಣು ತುಂಬಲು ಬಹಳ ಅನುಕೂಲವಂತೆ, ಬುಟ್ಟಿಯ ಹಾಗೆ ಬಿರುಕು ಬಿಡುವುದಿಲ್ಲ. ಸಿಂದಗಿಯ ಕಡೆ ಒಂದು ಬೇಳೆ ಮಿಲ್ಲಿನಲ್ಲಿ ಮೂಗಿಗೆ ಕಟ್ಟುವ ಬಟ್ಟೆಗಳನ್ನು ಧೂಳು ಹತ್ತಿ ಕೆಡಬಾರದೆಂದು ತಿಜೋರಿಯಲ್ಲಿಟ್ಟು ಕೀಲಿ ಹಾಕಿದ್ದಾರಂತೆ, ತಮ್ಮಂಥವರು ಬಂದಾಗ ಮಾತ್ರ ಹೊರಗೆ ತೆಗೆಯುತ್ತಾರೆ. ಧೂಳಿನಿಂದ ಬಟ್ಟೆಯನ್ನು ಕಾಪಾಡುವ ಈ ಪದ್ಧತಿಯನ್ನು ತಮ್ಮ ಪುಸ್ತಿಕೆ ‘ಸಲಕರಣೆಗಳ ಉತ್ತಮ ನಿರ್ವಹಣೆ’ ಎಂದು ಹೊಗಳಿದ್ದು ಯೋಗ್ಯವಾಗಿದೆ.

ಇನ್ನು ತಮ್ಮ ಪ್ರಶ್ನಾವಳಿ. ‘ಆಡಳಿತ ವರ್ಗದ ಬದ್ಧತೆಗೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡುತ್ತೀರಿ’ ಎಂದು ತಾವು ಬರುವ ಹಿಂದಿನ ದಿನವೇ ತಮ್ಮ ಕಡೆಯವರು ಬಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದಾಗ ಮಿಲ್ಲಿನ ಮಾಲೀಕರಾದ ಸಾಹುಕಾರರು ಮಗ್ಗುಲಿಗೇ ನಿಂತು ಮೀಸೆ ಸವರಿಕೊಳ್ಳುತ್ತಿದ್ದರು. ನನ್ನ ಜೊತೆಯ ಇಂದುಬಾಯಿಗೆ ಪ್ರಶ್ನೆ ತಿಳಿಯಲಿಲ್ಲ, ಸಾಹುಕಾರರು ಮಾತ್ರ ಕಣ್ಣಿಗೆ ಕಂಡರು, ಆದ್ದರಿಂದ ಐದಕ್ಕೆ ಐದು ಬರೆದುಕೊಳ್ಳಿರೆಂದು ಹೇಳಿದಳು. ನಾವೆಲ್ಲರೂ ಹಾಗೆಯೇ ಹೇಳಿದೆವು. ಇದನ್ನು ನೋಡಿ ತಾವು ‘ಈ ಘಟಕದಲ್ಲಿ ಆಡಳಿತದ ಬದ್ಧತೆ ಅಸಾಧಾರಣ’ ಎಂದು ಬರೆದಿರಿ. ನಾಲ್ಕೂ ತಾಲೂಕುಗಳಲ್ಲಿ ನಮ್ಮ ಮಿಲ್ಲೇ ಮೊದಲು ಬಂತು, ಅದರ ಖುಷಿಗೆ ಸಾಹುಕಾರರು ಎಲ್ಲರಿಗೂ ಪೇಢೆ ಹಂಚಿದರು. ಇಂದುಬಾಯಿಯ ಪೇಢೆಯನ್ನು ಅವಳ ಮಗಳು ತಾಯಿಯ ಬಾಯಿಗಿಟ್ಟಳು, ಏಕೆಂದರೆ ಅಷ್ಟರಲ್ಲಿ ಇಂದುಬಾಯಿಗೆ ಬಲಗೈ ಇರಲಿಲ್ಲ.

ಆ ಕೈಯ ಸಂಗತಿಯನ್ನು ತಾವು ಕಣ್ಣಾರೆ ಕಂಡಿದ್ದೀರಿ, ಆದರೂ ಪುಸ್ತಿಕೆಯಲ್ಲಿ ಅದು ಬೇರೆ ಥರ ಇರುವುದರಿಂದ ಮತ್ತೊಮ್ಮೆ ನೆನಪಿಸುವ ಧೈರ್ಯ ಮಾಡುತ್ತೇನೆ.

ನಮ್ಮ ಕೆಲಸ ತಮಗೆ ತಿಳಿದದ್ದೇ. ಒಬ್ಬೊಬ್ಬಳು ಒಂದೊಂದು ಯಂತ್ರದ ಬಾಯಿಗೆ ಹತ್ತಿ ಕೊಡುತ್ತ ನಿಲ್ಲುತ್ತೇವೆ, ಪಕ್ಕಕ್ಕೆ ಪಟ್ಟಾ ಓಡುತ್ತಿರುತ್ತದೆ, ಅದರ ಗಾಳಿಗೆ ಮೈಮೇಲಿನ ಅರಿವೆ ಹಾರಾಡುತ್ತದೆ. ಅದಕ್ಕಾಗಿ ನಮ್ಮ ಅತ್ತೆಯರ ಕಾಲದಿಂದಲೂ ಒಂದು ರೂಢಿ ಇದೆ: ಮಿಲ್ಲಿಗೆ ಬಂದೊಡನೆ ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ಗಂಡನದೋ ಮಗನದೋ ಹಳೆಯ ಅಂಗಿ ತೊಟ್ಟು, ಕೊರಳ ತನಕ ಗುಂಡಿ ಹಾಕಿಕೊಳ್ಳುತ್ತೇವೆ. ಗಂಡಸರ ಅಂಗಿ ತೊಟ್ಟು ಬರಿತಲೆಯಲ್ಲಿ ನಿಂತರೆ ನೋಡಲು ಜಾತ್ರೆಯ ಸೋಗಿನವರ ಹಾಗೆ ಕಾಣುತ್ತೇವೆ, ಆದರೆ ಪಟ್ಟಾಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಇನ್ನೊಂದು ರೂಢಿಯೂ ಇದೆ. ಹಿರಿಯರು, ಸಾಹುಕಾರರು, ಪರಊರಿನ ದೊಡ್ಡವರು ಎದುರಿಗೆ ಬಂದರೆ ಹೆಂಗಸಾದವಳು ತಲೆಯ ಮೇಲೆ ಸೆರಗು ಹೊದೆಯಬೇಕು. ಹಿಂದೂಗಳಿರಲಿ ಮುಸಲ್ಮಾನರಿರಲಿ, ಈ ಸೀಮೆಯಲ್ಲಿ ಇದಕ್ಕೆ ಎರಡು ಮಾತಿಲ್ಲ. ಮನೆಯ ರೂಢಿ ಮನೆಯಲ್ಲಿ, ಮಿಲ್ಲಿನ ರೂಢಿ ಮಿಲ್ಲಿನಲ್ಲಿ ಎಂದು ನಾವು ಇಷ್ಟು ವರ್ಷ ಎರಡನ್ನೂ ಸಂಭಾಳಿಸಿಕೊಂಡು ಬಂದಿದ್ದೆವು.

ಹೋದ ಹಂಗಾಮಿನಲ್ಲಿ ಸುರಕ್ಷತೆಯ ಅಭ್ಯಾಸಕ್ಕೆಂದು ದೊಡ್ಡ ಡಾಕ್ಟರರು ಬರುತ್ತಾರೆ ಎಂದು ಡಂಗುರ ಸಾರಿದ ಹಾಗೆ ಸುದ್ದಿಯಾಯಿತು. ತಮ್ಮ ಕಾರು ಗೇಟಿನೊಳಗೆ ಬಂದದ್ದೇ ಸಿದ್ದರಾಯರು ಓಡೋಡಿ ಬಂದು, ಈ ಗಂಡಸರ ಅಂಗಿಗಳನ್ನು ನೋಡಿದರೆ ಡಾಕ್ಟರರು ಏನೆಂದುಕೊಂಡಾರು, ತೆಗೆದು ಮರೆಗೆ ಇಡಿರೆಂದು ಅವಸರ ಮಾಡಿದರು. ಪಟ್ಟಾ ನಿಲ್ಲಿಸಿರೆಂದು ಮಾತ್ರ ಹೇಳಲಿಲ್ಲ, ಯಂತ್ರ ಓಡುವುದನ್ನು ತಾವು ನೋಡಬೇಕಲ್ಲ! ನಾವೂ ಹೇಳಲಿಲ್ಲ. ನಮಗೂ ನಾಚಿಕೆಯೇ ಮೊದಲು ನೆನಪಾಯಿತು, ಪಟ್ಟಾ ನೆನಪಾಗಲಿಲ್ಲ. ತಾವು ಸಾಹುಕಾರರ ಜೊತೆ, ಫೋಟೋದವನ ಜೊತೆ ಒಳಗೆ ಕಾಲಿಟ್ಟಿರಿ, ನಾವೆಲ್ಲರೂ ಸಾಲಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡೆವು. ಇಂದುಬಾಯಿಯ ಸೆರಗಿನ ತುದಿಯನ್ನು ಪಟ್ಟಾದ ಗಾಳಿ ಕರೆದುಕೊಂಡು ಹೋಯಿತು. ಅವಳು ಬಿಡಿಸಿಕೊಳ್ಳಲು ಕೈ ಹಾಕಿದಳು. ಫಿಟ್ಟರ ಬಂದೇನವಾಜ ಓಡಿ ಹೋಗಿ ಮೋಟಾರು ನಿಲ್ಲಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಆಮೇಲೆ ಅವಳನ್ನು ಬಿಜಾಪುರದ ದವಾಖಾನೆಗೆ ಒಯ್ಯಬೇಕಾಯಿತು. ಅಂಗಳದಲ್ಲಿ ನಿಂತಿದ್ದ ಕಾರು ತಮ್ಮದೊಂದೇ, ಆದರೆ ಅದರ ಹಿಂದಿನ ಸೀಟಿನ ತುಂಬ ಭರ್ತಿಯಾದ ಪ್ರಶ್ನಾವಳಿಗಳ ಗಂಟುಗಳಿದ್ದವು, ಅವುಗಳಿಗೆ ರಕ್ತ ಹತ್ತಿದರೆ ಇಡೀ ಸಂಶೋಧನೆ ಹಾಳಾಗುತ್ತಿತ್ತು ಎಂಬುದು ನಮಗೂ ತಿಳಿಯುತ್ತದೆ. ಹತ್ತಿಕಾಳಿನ ಟೆಂಪೋದಲ್ಲಿ ಚೀಲಗಳ ಮೇಲೆ ಅವಳನ್ನು ಮಲಗಿಸಿಕೊಂಡು ಹೋದೆವು, ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ ಮಾತು, ಸಾಹೇಬರ ಎದುರಿಗೆ ಬರಿತಲೆಯಲ್ಲಿ ಬಿದ್ದೆನೇ ಎಂದು. ಸಿಟ್ಟು ಬಂತು ನನಗೆ, ಅವಳ ಮೇಲೆ, ತಮ್ಮ ಮೇಲೆ, ಸೆರಗು ಎಳೆದುಕೊಂಡ ನನ್ನ ಕೈಯ ಮೇಲೆ. ಅವಳ ಬಲಗೈಯನ್ನು ಮುಂಗೈ ತನಕ ತೆಗೆಯಬೇಕಾಯಿತು.

ಈ ಸಂಗತಿ ಪುಸ್ತಿಕೆಯಲ್ಲಿ ಹೀಗಿದೆ: ‘ಅಧ್ಯಯನದ ಅವಧಿಯಲ್ಲಿ ಒಂದು ಸಣ್ಣ ಘಟನೆ ಸಂಭವಿಸಿತು. ಕಾರ್ಮಿಕ ಮಹಿಳೆ ಯಂತ್ರದ ಬಳಿ ಅಯೋಗ್ಯ ಉಡುಪು ಧರಿಸಿದ್ದೇ ಇದಕ್ಕೆ ಕಾರಣ. ಕಾರ್ಮಿಕರಲ್ಲಿ ಸುರಕ್ಷತಾ ಸಂಸ್ಕೃತಿಯ ಕೊರತೆಯನ್ನು ಇದು ತೋರಿಸುತ್ತದೆ.’ ಇಷ್ಟು ಚೊಕ್ಕ ಕನ್ನಡ ಬರೆಯಲು ನಮಗೆ ಈ ಜನ್ಮದಲ್ಲಿ ಬಾರದು. ನಾನು ಇಂಗಳೇಶ್ವರಕ್ಕೆ ಇಂದುಬಾಯಿಯ ಮನೆಗೇ ಹೋಗಿ ಈ ಸಾಲುಗಳನ್ನು ಓದಿ ಹೇಳಿದೆ. ಅವಳು ಕೇಳಿದ ಮಾತನ್ನು ಇದ್ದ ಹಾಗೆಯೇ ತಮಗೆ ಮುಟ್ಟಿಸುತ್ತೇನೆ: “ಅವ್ರು ಬಂದಾರಂತ ಅಂಗಿ ಕಳ್ದು ಸೆರಗ ಹೊತ್ಕೊಂಡ್ನಲ್ಲ ಜೋಹರಾ, ಅವ್ರು ಬರದಿದ್ರ ನನ್ನ ಕೈ ಇರ್ತಿತ್ತಲ್ಲ?” ತಾವು ಹೆಚ್ಚಿನ ಸಂಶೋಧನೆ ಅಗತ್ಯವೆಂದು ಹೇಳಿದ್ದೀರಲ್ಲ, ಇಲ್ಲಿಂದಲೇ ಶುರು ಮಾಡಬಹುದು.

ಈಗ ನಮ್ಮ ದೂರಿಗೆ ಬರುತ್ತೇನೆ. ಹಂಗಾಮು ಮತ್ತೆ ಶುರುವಾಗಿದೆ. ಇಂದುಬಾಯಿಯ ಜಾಗದಲ್ಲಿ, ಅದೇ ಯಂತ್ರದ ಮುಂದೆ, ಅದೇ ಪಟ್ಟಾದ ಪಕ್ಕದಲ್ಲಿ ಅವಳ ಮಗಳು ಶೈಲಶ್ರೀ ನಿಂತಿದ್ದಾಳೆ. ತಾಯಿಯ ಕೈ ಹೋದ ಮೇಲೆ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಕಾರ್ಮಿಕ ಪ್ರತಿನಿಧಿ ಎಂದು ಸಹಿ ಮಾಡಿದವಳಲ್ಲವೇ ನಾನು, ಸಾಹುಕಾರರ ಆಫೀಸಿಗೆ ಹೋಗಿ ಆ ಪುಲ್ಲಿಗೂ ಪಟ್ಟಾಕ್ಕೂ ಒಂದು ಕಬ್ಬಿಣದ ಜಾಳಿಗೆ ಹಾಕಿಸಿಕೊಡಬೇಕೆಂದು ಕೇಳಿಕೊಂಡೆ. ನಮ್ಮೂರ ಕಮ್ಮಾರ ಒಂದು ಮಧ್ಯಾಹ್ನದಲ್ಲಿ ಮಾಡಿ ಕೊಡುವ ಕೆಲಸ ಅದು, ಅಳತೆ ಕೊಡಲು ಬಂದೇನವಾಜ ಸಿದ್ಧನಿದ್ದಾನೆ. ಸಾಹುಕಾರರು ಸಿಟ್ಟಾಗಲಿಲ್ಲ, ನಕ್ಕರು, ಕಪಾಟಿನಿಂದ ತಮ್ಮ ಪುಸ್ತಿಕೆಯನ್ನು ತೆಗೆದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. “ಜಾಳಿಗಿ ಗೀಳಿಗಿ ಎಲ್ಲಾ ಹಳೇ ಮಾತವಾ. ಈಗ ಸಂಸ್ಕೃತಿ ಬಂದೈತಿ, ಡಾಕ್ಟರ್ರೇ ಬರ್ದಾರ ನೋಡು,” ಎಂದರು. ನಾನು ನೋಡಿದೆ. ಯಂತ್ರದ ಗೆರೆ ನೆಲ ಕಚ್ಚಿದ್ದು ನಿಜವೇ ಇತ್ತು.

ಹೀಗಾಗಿ ಕಳೆದ ವಾರ ನಮಗೆಲ್ಲ ಸಂಸ್ಕೃತಿಯ ಪಾಠವಾಯಿತು. ಸಿದ್ದರಾಯರು ಮೋಟಾರು ಓಡುತ್ತಿರುವಾಗಲೇ ಕುರ್ಚಿ ಹಾಕಿಸಿಕೊಂಡು ಕುಳಿತು ಪುಸ್ತಿಕೆಯನ್ನು ಗಟ್ಟಿಯಾಗಿ ಓದಿದರು, ಯಂತ್ರದ ಸದ್ದಿನಲ್ಲಿ ಅವರ ತುಟಿ ಅಲುಗುವುದು ಮಾತ್ರ ಕಂಡಿತು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕೇಳಿದ್ದೆವು, ಇಲ್ಲಿ ನೆಲವೇ ಡೊಂಕಾಗಿ, ಕುಣಿಯುವವಳಿಗೆ ಸಂಸ್ಕೃತಿ ಇಲ್ಲವೆಂದು ಹೇಳಿಸಿಕೊಳ್ಳುವ ಕಾಲ ಬಂತು.

ಆದ್ದರಿಂದ ತಮ್ಮಂಥ ಬಲ್ಲವರಲ್ಲಿ ಕೆಲವು ಬಿನ್ನಹಗಳಿವೆ, ದೊಡ್ಡ ಮನಸ್ಸು ಮಾಡಿ ನಡೆಸಿಕೊಡಬೇಕು. ಪುಸ್ತಿಕೆಯ ಒಂದು ಪ್ರತಿಯನ್ನು ಪಟ್ಟಾದ ಹೆಸರಿಗೆ ಬೇರೆಯಾಗಿ ಕಳಿಸಬೇಕು, ನಮಗೆ ಕಳಿಸಿದ್ದನ್ನು ಅದು ತನ್ನದೆಂದು ತಿಳಿಯುತ್ತಿಲ್ಲ. ಪಾಠವನ್ನು ನಾವು ಕೇಳಿದ್ದಾಯಿತು, ಇನ್ನು ಪುಲ್ಲಿಯನ್ನೂ ಕೂಡಿಸಿ ಹೆಂಗಸರ ಸೆರಗಿಗೆ ಬಾಯಿ ಹಾಕುವುದು ಯೋಗ್ಯ ವರ್ತನೆಯಲ್ಲವೆಂದು ತಿಳಿಹೇಳಬೇಕು. ಅದಕ್ಕೂ ಪ್ರಶ್ನಾವಳಿ ಕೊಟ್ಟು ಒಂದರಿಂದ ಐದರೊಳಗೆ ಎಷ್ಟು ಹಸಿದಿದೆಯೆಂದು ಕೇಳಿ ಬರೆದುಕೊಂಡರೆ ನಮಗೆ ಎಷ್ಟು ದೂರ ನಿಲ್ಲಬೇಕೆಂದಾದರೂ ತಿಳಿದೀತು. ತಾವೇ ಒಂದು ದಿನ ಸೀರೆ ಉಟ್ಟು ಸೆರಗು ಹೊದ್ದು ಇಂದುಬಾಯಿಯ ಜಾಗದಲ್ಲಿ ನಿಂತರೆ ಅದಕ್ಕಿಂತ ಪುಣ್ಯವಿಲ್ಲ. ಸೀರೆ ನಾವು ಕೊಡುತ್ತೇವೆ, ಉಡಿಸುವುದನ್ನೂ ಬಲ್ಲೆವು. ಇವು ಯಾವುವೂ ಆಗದಿದ್ದರೆ ಮುಂದಿನ ಪುಸ್ತಿಕೆಯಲ್ಲಿ ಜಾಳಿಗೆಯೆಂದರೆ ಈಗಿನ ಹೊಸ ಒಲವು ಎಂದು ಒಂದೇ ಒಂದು ಸುಳ್ಳು ಬರೆಯಬೇಕು. ತಮ್ಮ ಒಂದು ಗೆರೆಯಿಂದ ನಿಂತ ಕೆಲಸ ತಮ್ಮ ಇನ್ನೊಂದು ಗೆರೆಯಿಂದ ಆದೀತು.

ಮಾರ್ಚ್ ತಿಂಗಳ ಸುರಕ್ಷತಾ ದಿನಾಚರಣೆಗೆ ತಾವೇ ಮುಖ್ಯ ಅತಿಥಿಗಳಾಗಿ ಬಂದು ನಮ್ಮ ಸಾಹುಕಾರರಿಗೆ ಫಲಕ ಕೊಡುವವರಿದ್ದೀರೆಂದು ತಿಳಿದು ಹರ್ಷವಾಯಿತು. ಸಿದ್ದರಾಯರು ಈಗಾಗಲೇ ಬಂದು, ಡಾಕ್ಟರರು ಬಂದಾಗ ಅಂಗಿ ಕಳೆದು ಸೆರಗು ಸರಿಮಾಡಿಕೊಳ್ಳಬೇಕೆಂದು ಹೇಳಿಹೋಗಿದ್ದಾರೆ. ಅವರ ಬೆನ್ನು ತಿರುಗಿದ ಮೇಲೆ ನಾವೆಲ್ಲ ಅರಳೆಯ ರಾಶಿಯ ಹತ್ತಿರ ಕೂಡಿದೆವು, ಮತ್ತು ನಮ್ಮ ಸಮಿತಿಯ ಮೊದಲ ನಿಜವಾದ ಸಭೆ ಅದೇ ಎಂದು ಈಗ ಅನ್ನಿಸುತ್ತದೆ. ದೊಡ್ಡವರಿಗೆ ಮರ್ಯಾದೆ ತಪ್ಪಿಸುವುದು ನಮಗೆ ಸುಲಭದ ಮಾತಲ್ಲ, ಅದನ್ನು ಹಾಲಿನ ಜೊತೆ ಕುಡಿದು ಬೆಳೆದವರು ನಾವು. ಕಡೆಗೆ ಶೈಲಶ್ರೀಯೇ ಹೇಳಿದಳು: “ಪಟ್ಟಾ ನಿಲ್ಲಸ್ಲಿ, ನಾ ಸೆರಗ ಹೊತ್ಕೊಂತೇನಿ. ಇಲ್ಲಾಂದ್ರ ನಮ್ಮವ್ವನ ಕೈಗೆ ಇಲ್ಲದ ಮರ್ಯಾದಿ ಅವ್ರಿಗ್ಯಾಕ?”

ಹಾಗಾಗಿ ಇದನ್ನು ನಮ್ಮೆಲ್ಲರ ಠರಾವು ಎಂದು ತಿಳಿಯಬೇಕು. ತಾವು ಒಳಗೆ ಬಂದಾಗ ಮೋಟಾರು ನಿಂತಿದ್ದರೆ ನಮ್ಮೆಲ್ಲರ ತಲೆಯ ಮೇಲೂ ಸೆರಗಿರುತ್ತದೆ, ಆರತಿಯ ತಟ್ಟೆಯೂ ಇರುತ್ತದೆ. ಪಟ್ಟಾ ಓಡುತ್ತಿದ್ದರೆ ನಾವು ಗಂಡಸರ ಅಂಗಿಗಳಲ್ಲಿ, ಕೊರಳ ತನಕ ಗುಂಡಿ ಹಾಕಿಕೊಂಡು, ಬರಿತಲೆಯಲ್ಲಿ ನಿಂತಿರುತ್ತೇವೆ. ಕೈ ಮುಗಿಯುವುದಕ್ಕೂ ಆಗುವುದಿಲ್ಲ, ಎರಡೂ ಕೈ ಕೆಲಸದಲ್ಲಿರುತ್ತವೆ. ಅದನ್ನು ಕಂಡು ಈ ಹೆಂಗಸರಿಗೆ ಸಂಸ್ಕೃತಿ ಇಲ್ಲವೆಂದು ತಾವು ಮತ್ತೊಮ್ಮೆ ಬರೆದುಕೊಳ್ಳಬಹುದು, ಈ ಸಲ ನಮ್ಮ ಅಡ್ಡಿ ಇಲ್ಲ.

ತಮ್ಮ ಜ್ಞಾನ ಹೀಗೆಯೇ ಬೆಳೆಯಲಿ, ತಮ್ಮ ನಕ್ಷೆಯ ಗೆರೆಗಳು ಏರುತ್ತಿರಲಿ, ತಮ್ಮ ಹತ್ತೂ ಬೆರಳುಗಳು ನೂರು ಕಾಲ ಬರೆಯುತ್ತಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಜೋಹರಾಬಿ,
ಕಾರ್ಮಿಕ ಪ್ರತಿನಿಧಿ ಮತ್ತು ಫೋಟೋದಲ್ಲಿ ಎಡದಿಂದ ಎರಡನೆಯವಳು.

ತಾ.ಕ.: ಗುಟ್ಟಿನ ಒಂದು ಮಾತು. ಫಲಕ ಕೊಡುವ ಹೊತ್ತಿಗೆ ಸಾಹುಕಾರರು ತಮಗೆ ಶಾಲು ಹೊದಿಸುವವರಿದ್ದಾರೆ, ಫೋಟೋ ಚೆಂದ ಬರಲೆಂದು ಓಡುವ ಯಂತ್ರದ ಪಕ್ಕಕ್ಕೇ ಜಾಗ ಗೊತ್ತುಮಾಡಿದ್ದಾರೆ. ಶಾಲನ್ನು ನಾನು ನೋಡಿದ್ದೇನೆ, ತುದಿಗೆ ಒಳ್ಳೆಯ ಉದ್ದನೆಯ ಎಳೆಗಳಿವೆ, ಗಾಳಿಗೆ ಚೆನ್ನಾಗಿ ಹಾರುತ್ತವೆ. ಅಲ್ಲಿಗೆ ಬಂದು ನಿಂತೊಡನೆ ತಾವು ‘ಮೊದಲು ಪಟ್ಟಾ ನಿಲ್ಲಿಸಿ’ ಎಂದು ಹೇಳಿಯೇ ಹೇಳುತ್ತೀರಿ, ಸಾಹುಕಾರರೂ ತಮ್ಮ ಮಾತಿಗೆ ತಕ್ಷಣ ನಿಲ್ಲಿಸುತ್ತಾರೆ. ಅಲ್ಲಿಯ ತನಕ ನಮಗೆ ಚಿಂತೆ ಇಲ್ಲ. ಶಾಲು ಮಡಚಿ ಕಾರು ಹತ್ತುವಾಗ ‘ಇನ್ನು ಶುರು ಮಾಡಿ’ ಎಂದು ಮಾತ್ರ ಹೇಳಬೇಡಿ. ಜಾಳಿಗೆಯ ಅಳತೆ ತೆಗೆದುಕೊಂಡು ಬಂದೇನವಾಜ ಬಾಗಿಲಲ್ಲೇ ನಿಂತಿರುತ್ತಾನೆ, ಆ ಪಟ್ಟಾದ ಪಕ್ಕದಲ್ಲಿ ಆಮೇಲೆ ನಿಲ್ಲುವವಳು ಶೈಲಶ್ರೀ.